ಅಪಾಯದ ಕೆಲಸ, ದುಬಾರಿ ವಾಚು

ಗಾರೆ ಕೆಲಸದವನೊಬ್ಬನ ಕೈಯಲ್ಲಿ ಲಕ್ಷಗಟ್ಟಲೆ ಬೆಲೆಯ ವಾಚು ಕಂಡರೆ ನಮ್ಮ ಮನಸ್ಸಿನಲ್ಲಿ ಮೊದಲು ಹುಟ್ಟುವ ಪ್ರಶ್ನೆ ಯಾವುದು? 'ಇದು ನಕಲಿ ಇರಬಹುದೇ?' ಎಂಬುದು. ಅಸಲಿ ಎಂದು ಗೊತ್ತಾದರೆ, 'ಇವನಿಗೆ ಎಲ್ಲಿಂದ ಬಂತು?' ಎಂಬುದು. ದುಡಿದು, ಕೂಡಿಟ್ಟು ಕೊಂಡದ್ದೆಂದು ತಿಳಿದ ಮೇಲೂ ಮೂರನೆಯದೊಂದು ಉಳಿದಿರುತ್ತದೆ: 'ಇವನಿಗೆ ಇದೆಲ್ಲ ಬೇಕಿತ್ತೇ?' ಅದೇ ವಾಚು ದೊಡ್ಡ ಗುತ್ತಿಗೆದಾರನ ಕೈಯಲ್ಲಿದ್ದರೆ ಈ ಮೂರರಲ್ಲಿ ಒಂದೂ ನಮಗೆ ಹೊಳೆಯುವುದಿಲ್ಲ. ಅವನ ಕೈಗೆ ಅದು ಸಹಜವಾಗಿ ಒಪ್ಪುತ್ತದೆ ಎಂದುಕೊಂಡು ಮುಂದೆ ಹೋಗುತ್ತೇವೆ.

ವಾಚಿನ ಬಗ್ಗೆ ಪ್ರಶ್ನೆ ಕೇಳುವುದೇ ತಪ್ಪೆಂದು ಇದರ ಅರ್ಥವಲ್ಲ. 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ವಾಚು ರಾಜ್ಯದಲ್ಲೆಲ್ಲ ಚರ್ಚೆಯಾಯಿತು. ಅದು ಗೆಳೆಯರು ಕೊಟ್ಟ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ಸರಕಾರದ ಆಸ್ತಿಯಾಗಿ ಒಪ್ಪಿಸಿದರು. ಅಧಿಕಾರದಲ್ಲಿರುವವರಿಗೆ ಯಾರು ಏನು ಕೊಟ್ಟರು, ಏಕೆ ಕೊಟ್ಟರು ಎಂದು ಕೇಳುವುದು ಪ್ರಜೆಗಳ ಹಕ್ಕು. ಆದರೆ ದುಡಿದು ತಿನ್ನುವವನನ್ನು ಅದೇ ಪ್ರಶ್ನೆ ಕೇಳುವಾಗ ನಾವು ಚಲಾಯಿಸುತ್ತಿರುವುದು ಹಕ್ಕನ್ನಲ್ಲ, ನಮ್ಮ ಅಂತಸ್ತನ್ನು.

ಹಾಗಾದರೆ ಮೈಮುರಿದು ದುಡಿಯುವ, ಜೀವಕ್ಕೆ ಅಪಾಯವಿರುವ ಕೆಲಸದಲ್ಲಿ ದುಬಾರಿ ವಾಚು ಕಟ್ಟುವುದು ಸರಿಯೇ? ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. 'ಅದು ಹುಚ್ಚುತನ, ಬರೀ ತೋರಿಕೆ' ಎಂಬುದು ಒಂದು. 'ಅವನ ಹಣ, ಅವನ ಇಷ್ಟ' ಎಂಬುದು ಇನ್ನೊಂದು. ಎರಡೂ ವಿಚಾರ ಮಾಡುವ ಶ್ರಮವನ್ನು ಉಳಿಸುವ ಉತ್ತರಗಳು. ಮೊದಲನೆಯದು ಕೆಲಸಗಾರನ ಮನಸ್ಸನ್ನು ನೋಡುವುದಿಲ್ಲ. ಎರಡನೆಯದು ಅವನ ಮೈಯನ್ನೂ ಮನೆಯನ್ನೂ ನೋಡುವುದಿಲ್ಲ.

ಮೊದಲು ಮೈಯ ಮಾತಿಗೇ ಬರೋಣ. ಲೇತ್ ಯಂತ್ರದ ಮುಂದೆ ನಿಂತವನ ವಾಚು ತಿರುಗುವ ಭಾಗಕ್ಕೆ ಸಿಕ್ಕಿಕೊಂಡರೆ ವಾಚಿನ ಹಿಂದೆಯೇ ಕೈಯೂ ಹೋಗುತ್ತದೆ. ಲೋಹದ ಪಟ್ಟಿ ಗಟ್ಟಿಯಾಗಿದ್ದಷ್ಟೂ ಅಪಾಯ ಹೆಚ್ಚು. ಅದು ಸುಲಭವಾಗಿ ಹರಿಯುವುದಿಲ್ಲ, ಹರಿಯುವುದು ಚರ್ಮ. ವಿದ್ಯುತ್ ಕೆಲಸದಲ್ಲಿ ಲೋಹದ ವಾಚು, ಉಂಗುರ, ಸರ ಇವೆಲ್ಲ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ತೆರೆದ ತಂತಿಗೆ ತಗಲುವ ಸಂಭವವಿರುವಲ್ಲಿ ಅವನ್ನು ಧರಿಸಬಾರದೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅಪಾಯ ತನಗೇ ಆಗಬೇಕೆಂದೂ ಇಲ್ಲ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಲ್ಲಿ 2008ರಿಂದ ರೋಗಿಗಳನ್ನು ಮುಟ್ಟುವ ವೈದ್ಯರು, ದಾದಿಯರು ಮೊಣಕೈಯಿಂದ ಕೆಳಗೆ ಏನನ್ನೂ ಧರಿಸಬಾರದೆಂಬ ನಿಯಮ ಬಂತು. ಕೈಗಡಿಯಾರವೂ ಅದರಲ್ಲಿ ಸೇರಿತು. ಕೈಯನ್ನು ಮಣಿಕಟ್ಟಿನವರೆಗೆ ಸರಿಯಾಗಿ ತೊಳೆಯಲು ವಾಚು ಅಡ್ಡಿ, ಅದರಿಂದ ಸೋಂಕು ಹರಡಬಹುದು ಎಂಬುದು ಕಾರಣ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಯಾವ ನಿಯಮವೂ ವಾಚಿನ ಬೆಲೆ ಕೇಳುವುದಿಲ್ಲ. ಐನೂರು ರೂಪಾಯಿಯದ್ದಾದರೂ ಐದು ಲಕ್ಷದ್ದಾದರೂ ಯಂತ್ರಕ್ಕೆ ಒಂದೇ. ಆದ್ದರಿಂದ ನಮ್ಮ ಮೊದಲ ಅಳತೆಗೋಲು ಹಣದ್ದಲ್ಲ, ಹಾನಿಯದು. ತನ್ನ ಅಥವಾ ಇನ್ನೊಬ್ಬರ ದೇಹಕ್ಕೆ ಕೇಡು ತರುವ ಕಡೆ ವಾಚನ್ನು ಬಿಚ್ಚಿಡಬೇಕು. ಅದು ಅಪ್ಪ ಕೊಟ್ಟದ್ದೇ ಆಗಿರಲಿ, ಮದುವೆಯಲ್ಲಿ ಬಂದದ್ದೇ ಆಗಿರಲಿ. ಈ ವಿಷಯದಲ್ಲಿ ಎರಡು ಮಾತಿಲ್ಲ.

ಆದರೆ ಅಪಾಯದ ಕೆಲಸಗಳೆಲ್ಲವೂ ಹೀಗಿಲ್ಲ. ಕೆಲವು ಕೆಲಸಗಳಲ್ಲಿ ವಾಚೇ ಜೀವ ಉಳಿಸುವ ಸಾಧನವಾಗಿತ್ತು. ಇಂದು ಗಾಜಿನ ಕಪಾಟಿನಲ್ಲಿ ಬೆಳಕು ಬಿಟ್ಟು ಮಾರುವ ಹಲವು ವಾಚುಗಳು ಹುಟ್ಟಿದ್ದೇ ಬೆವರಿನ, ಭಯದ ನಡುವೆ. ಒಂದು ಕಾಲದಲ್ಲಿ ಗಂಡಸರು ವಾಚನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು; ಕೈಗೆ ಕಟ್ಟುವುದು ಹೆಂಗಸರ ಆಭರಣವೆಂಬ ಭಾವನೆ ಯುರೋಪಿನಲ್ಲಿತ್ತು. 1914ರಿಂದ 1918ರವರೆಗಿನ ಮಹಾಯುದ್ಧ ಅದನ್ನು ಬದಲಿಸಿತು. ಕಂದಕದಲ್ಲಿರುವ ಸೈನಿಕ ಕೋವಿ ಬಿಟ್ಟು ಜೇಬಿಗೆ ಕೈ ಹಾಕುವಂತಿರಲಿಲ್ಲ. 1953ರಲ್ಲಿ ಸಿದ್ಧವಾದ ಬ್ಲಾಂಕ್‌ಪ್ಯಾನ್ ಕಂಪೆನಿಯ 'ಫಿಫ್ಟಿ ಫ್ಯಾದಮ್ಸ್' ಫ್ರಾನ್ಸಿನ ಮುಳುಗು ಸೈನಿಕರ ಅಗತ್ಯಕ್ಕಾಗಿ ರೂಪುಗೊಂಡದ್ದು. ರೋಲೆಕ್ಸ್ 'ಸಬ್‌ಮರೀನರ್' ಕೂಡ ಅದೇ ವರ್ಷದ್ದು. ಒಮೆಗಾ 'ಸ್ಪೀಡ್‌ಮಾಸ್ಟರ್' ವಾಚನ್ನು 1965ರಲ್ಲಿ ನಾಸಾ ಸಂಸ್ಥೆ ಬಿಸಿ, ಚಳಿ, ಹೊಡೆತ, ನಿರ್ವಾತಗಳಲ್ಲಿ ಪರೀಕ್ಷಿಸಿ ಗಗನಯಾತ್ರಿಗಳಿಗೆ ಆರಿಸಿತು. 1970ರ ಏಪ್ರಿಲ್‌ನಲ್ಲಿ ಅಪೋಲೊ 13 ನೌಕೆ ಕೆಟ್ಟು, ವಿದ್ಯುತ್ ಉಳಿಸಲು ಉಪಕರಣಗಳನ್ನು ಆರಿಸಿದಾಗ, ದಾರಿ ಸರಿಪಡಿಸುವ 14 ಸೆಕೆಂಡುಗಳ ಎಂಜಿನ್ ಉರಿಯನ್ನು ಅಳೆದದ್ದು ಗಗನಯಾತ್ರಿಯ ಕೈಯ ವಾಚಿನಿಂದ. ಸಾಮಾನ್ಯನಿಗೆ ಅಗ್ಗವಲ್ಲದಿದ್ದರೂ ಅವು ಆಗ ಕೆಲಸದ ವಸ್ತುಗಳೇ ಆಗಿದ್ದವು. ಬಡಗಿಗೆ ಉಳಿ ಇದ್ದಂತೆ.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಕತ್ತಲೆಯಲ್ಲಿ ಗಂಟೆ ಕಾಣಬೇಕೆಂದು ವಾಚಿನ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ 1917ರಿಂದ ಈ ಕೆಲಸ ಮಾಡಿದವರು ಹದಿಹರೆಯದ ಹುಡುಗಿಯರು, ತರುಣಿಯರು. ಕುಂಚದ ತುದಿ ಚೂಪಾಗಲು ಅದನ್ನು ತುಟಿಯ ನಡುವೆ ಇಟ್ಟು ಎಳೆಯುವಂತೆ ಅವರಿಗೆ ಕಲಿಸಲಾಗಿತ್ತು. ಪ್ರತಿ ಬಾರಿಯೂ ಒಂದಿಷ್ಟು ವಿಷ ಹೊಟ್ಟೆಗೆ ಹೋಗುತ್ತಿತ್ತು. ಬಣ್ಣ ನಿರಪಾಯಕಾರಿ ಎಂದು ಅವರಿಗೆ ಹೇಳಲಾಗಿತ್ತು. ಅದೇ ಕಂಪೆನಿಯ ತಜ್ಞರು ಮಾತ್ರ ರೇಡಿಯಂ ಮುಟ್ಟಲು ಇಕ್ಕಳ ಬಳಸುತ್ತಿದ್ದರು. ದವಡೆಯ ಎಲುಬು ಕೊಳೆತು ಹಲವರು ಸತ್ತರು. ಐವರು ಮಹಿಳೆಯರು ನ್ಯಾಯಾಲಯಕ್ಕೆ ಹೋದರು, 1928ರಲ್ಲಿ ರಾಜಿಯಾಯಿತು. ಸೈನಿಕನ ಕೈಯಲ್ಲಿ ಹೊಳೆದ ಗಂಟೆಯ ಹಿಂದೆ ಇಂಥದೊಂದು ಕತ್ತಲೆಯಿತ್ತು. ವಾಚು ಕಟ್ಟಿದ ಕೈಯಷ್ಟೇ ಅಲ್ಲ, ವಾಚು ಮಾಡಿದ ಕೈಯೂ ಅಪಾಯದ ಕೆಲಸದಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಇಂದು ಪರಿಸ್ಥಿತಿ ಬದಲಾಗಿದೆ. 1969ರ ಡಿಸೆಂಬರ್‌ನಲ್ಲಿ ಜಪಾನಿನ ಸೈಕೋ ಕಂಪೆನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಕೆಲವೇ ವರ್ಷಗಳಲ್ಲಿ, ಸ್ಪ್ರಿಂಗಿನಿಂದ ನಡೆಯುವ ದುಬಾರಿ ವಾಚಿಗಿಂತ ಸರಿಯಾದ ಸಮಯವನ್ನು ಅಗ್ಗದ ವಾಚು ತೋರಿಸತೊಡಗಿತು. ಕ್ಯಾಸಿಯೊ ಕಂಪೆನಿಯ ಎಂಜಿನಿಯರ್ ಕಿಕುವೊ ಇಬೆ ಅವರಿಗೆ ತಂದೆ ಕೊಟ್ಟಿದ್ದ ವಾಚು ಕೆಳಗೆ ಬಿದ್ದು ಒಡೆದುಹೋಗಿತ್ತು. ಬಿದ್ದರೂ ಒಡೆಯದ ವಾಚು ಮಾಡಬೇಕೆಂದು ಹೊರಟ ಅವರ ಶ್ರಮದಿಂದ 1983ರಲ್ಲಿ 'ಜಿ-ಶಾಕ್' ಬಂತು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಉಳಿಯಬೇಕೆಂಬುದು ಅವರು ಇಟ್ಟುಕೊಂಡ ಗುರಿಗಳಲ್ಲೊಂದು. ಇಂದು ಅಪಾಯದ ಕೆಲಸಕ್ಕೆ ವಾಚು ಬೇಕಾದವನು ಕೆಲವು ಸಾವಿರ ರೂಪಾಯಿಗೆ ಇಂಥದ್ದನ್ನು ಕೊಳ್ಳಬಹುದು. ಅಂದರೆ ಲಕ್ಷದ ವಾಚು ಕಟ್ಟಿ ಕೆಲಸಕ್ಕೆ ಹೋಗುವವನು ಗಂಟೆ ನೋಡಲೆಂದು ಅದನ್ನು ಕಟ್ಟುತ್ತಿಲ್ಲ. ಈ ಸತ್ಯವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಹಾಗಾದರೆ ಏಕೆ ಕಟ್ಟುತ್ತಾನೆ? ತೋರಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಾರ್ ರೇಸಿಗೆ ಇಳಿದಾಗ ಅವರ ಪತ್ನಿ ಒಂದು ರೋಲೆಕ್ಸ್ ವಾಚು ಕೊಟ್ಟರು. ಅದರ ಹಿಂಬದಿಯಲ್ಲಿ, ಜಾಗ್ರತೆಯಿಂದ ಓಡಿಸಿ ಎಂಬರ್ಥದ ಮಾತು ಕೆತ್ತಿಸಿದ್ದರು. 2017ರಲ್ಲಿ ಆ ವಾಚು ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಕೊಂಡವರಿಗೆ ಅದು ಆಸ್ತಿ. ಆದರೆ ಕಟ್ಟಿಕೊಂಡಿದ್ದವರಿಗೆ? ಮನೆಯಲ್ಲಿ ಒಂದು ಜೀವ ಕಾಯುತ್ತಿದೆ ಎಂದು ಚರ್ಮಕ್ಕೆ ತಾಗಿಕೊಂಡೇ ನೆನಪಿಸುವ ವಸ್ತು. ಅಪಾಯದ ಕೆಲಸಕ್ಕೆ ಹೋಗುವ ಬಹಳ ಮಂದಿ ಹೀಗೆ ಏನನ್ನಾದರೂ ಮೈಮೇಲೆ ಇಟ್ಟುಕೊಳ್ಳುತ್ತಾರೆ. ಅದು ದಾರವಿರಬಹುದು, ಉಂಗುರವಿರಬಹುದು, ವಾಚಿರಬಹುದು. ಅದರ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಲ್ಫಿನಿಂದ ರಜೆಗೆ ಬಂದವರ ಕೈಯಲ್ಲಿ ಹೊಳೆಯುವ ಸೈಕೋ, ಸಿಟಿಜನ್ ವಾಚುಗಳನ್ನು ಕಂಡು ಬೆರಗಾದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಸ್ವಿಸ್ ವಾಚುಗಳ ಮುಂದೆ ಅವು ಏನೂ ಅಲ್ಲ. ಆದರೆ ಊರಿನ ಅಳತೆಯಲ್ಲಿ ಅವು ದುಬಾರಿಯೇ. ಹಡಗುಕಟ್ಟೆಯಲ್ಲೋ ಕಟ್ಟಡದ ಸಾರದ ಮೇಲೆಯೋ ಬೇಯುತ್ತಿದ್ದವರು ಊರಿಗೆ ಬರುವಾಗ ತಮ್ಮ ಬಿಸಿಲನ್ನು, ಒಂದೇ ಕೋಣೆಯ ಎಂಟು ಮಂಚಗಳನ್ನು ತೋರಿಸಲಾಗುತ್ತಿರಲಿಲ್ಲ. ತೋರಿಸಲು ಸಾಧ್ಯವಿದ್ದದ್ದು ವಾಚನ್ನು ಮಾತ್ರ. 'ನಾನು ಅಲ್ಲಿ ಕೆಟ್ಟಿಲ್ಲ' ಎಂದು ತಾಯಿಗೆ ಹೇಳಲು ಅವರ ಬಳಿ ಇದ್ದ ಭಾಷೆ ಅದು. ಅದನ್ನು ಬರೀ ಜಂಬವೆಂದರೆ ನಾವು ಆ ಭಾಷೆಯನ್ನೇ ಅರ್ಥ ಮಾಡಿಕೊಂಡಿಲ್ಲ ಎಂದಾಗುತ್ತದೆ.

ಇದಕ್ಕೆ ಆಕ್ಷೇಪವಿಲ್ಲವೇ? ಇದೆ, ಮತ್ತು ಅದು ಹಗುರವಾದುದಲ್ಲ. ಮನೆಯಲ್ಲಿ ಮಗಳ ಶಾಲೆಯ ಶುಲ್ಕ ಬಾಕಿ ಇರುವಾಗ, ಬಡ್ಡಿಗೆ ಸಾಲ ತಂದು ವಾಚು ಕೊಂಡರೆ ಅದು ಅನ್ಯಾಯ. ಪಕ್ಕದಲ್ಲಿ ನಿಂತು ಅದೇ ಕಲ್ಲು ಹೊರುವ ಜೊತೆಗಾರನಿಗೆ 'ನೀನು ಕಡಿಮೆ' ಎಂದು ಹೇಳಲೆಂದೇ ಕಟ್ಟಿದರೆ ಅದು ಅಹಂಕಾರ. ವಾಚಿಗೆ ಗೀರು ಬೀಳಬಾರದೆಂದು ಕೈ ಹಿಂದಕ್ಕೆಳೆದು, ಹಗ್ಗದ ಇನ್ನೊಂದು ತುದಿ ಹಿಡಿದವನನ್ನು ಅಪಾಯಕ್ಕೆ ದೂಡಿದರೆ ಅದು ದ್ರೋಹವೇ ಸರಿ. ವಸ್ತುವಿನ ಮೇಲೆ ಬೀಳುವ ಗೀರಿಗೆ ಹೆದರುವವನು ಅದನ್ನು ಕೆಲಸಕ್ಕೆ ತರಬಾರದು. ತಂದ ಮೇಲೆ ಗೀರನ್ನು ಒಪ್ಪಿಕೊಳ್ಳಬೇಕು. ಗೀರನ್ನು ಒಪ್ಪಿಕೊಂಡವನು ವಾಚಿನ ಒಡೆಯ. ಒಪ್ಪಿಕೊಳ್ಳಲಾಗದವನು ಅದರ ಕಾವಲುಗಾರ. ಆದರೆ ಸಾಲ, ಅಹಂಕಾರ, ಮೋಹ ಈ ಮೂರೂ ಕೂಲಿಕಾರನಿಗೆ ಮಾತ್ರ ಅಂಟುವ ದೋಷಗಳಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಕೂತವನನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಇಬ್ಬರಿಗೆ ಎರಡು ತಕ್ಕಡಿ ಇಟ್ಟವನಿಗೆ ನೀತಿ ಹೇಳುವ ಅರ್ಹತೆ ಇರುವುದಿಲ್ಲ.

ಇಷ್ಟು ಹೇಳಿದ ಮೇಲೂ ನನಗೆ ಮುಖ್ಯವೆನಿಸುವ ಸಂಗತಿ ಬಾಕಿ ಉಳಿದಿದೆ. ಅದನ್ನು ಹೇಳಲು ಸಮುದ್ರದ ತಳಕ್ಕೆ ಇಳಿಯುವ ಡೈವರ್‌ಗಳ ಕೆಲಸವನ್ನು ನೋಡಬೇಕು. ದುಬಾರಿ ವಾಚು ಮತ್ತು ಅಪಾಯದ ದುಡಿಮೆ ಇಷ್ಟು ಹತ್ತಿರ ಬಂದ ಇನ್ನೊಂದು ವೃತ್ತಿ ಸಿಗುವುದು ಕಷ್ಟ.

ತೈಲಬಾವಿಗಳ ಕೆಲಸಕ್ಕೆ ನೂರಾರು ಮೀಟರ್ ಆಳಕ್ಕೆ ಹೋಗುವವರು ಅಲ್ಲಿನ ಒತ್ತಡದಲ್ಲಿ ಹೀಲಿಯಂ ಬೆರೆಸಿದ ಗಾಳಿಯನ್ನು ಉಸಿರಾಡುತ್ತಾರೆ. ಆ ಅನಿಲ ರಕ್ತ ಮಾಂಸಗಳಲ್ಲಿ ಕರಗಿ ತುಂಬಿಕೊಳ್ಳುತ್ತದೆ. ಒಮ್ಮೆಲೇ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ ಮೈಯೊಳಗೇ ಗುಳ್ಳೆಗಳು ಏಳುತ್ತವೆ. ಕೀಲು, ನರ, ಮೆದುಳುಗಳನ್ನು ಕೆಡಿಸುತ್ತವೆ. ಹಾಗಾಗಿ ಅವರು ವಾರಗಟ್ಟಲೆ ಹಡಗಿನ ಮೇಲಿನ ಉಕ್ಕಿನ ಕೋಣೆಯಲ್ಲಿ, ಆಳದ ಒತ್ತಡದಲ್ಲೇ ವಾಸಿಸಿ ಕೆಲಸ ಮಾಡುತ್ತಾರೆ. ಕೊನೆಗೆ ಒತ್ತಡವನ್ನು ನಿಧಾನವಾಗಿ ಇಳಿಸುತ್ತಾರೆ. ಸ್ಥೂಲವಾಗಿ ಪ್ರತಿ 30 ಮೀಟರ್ ಆಳಕ್ಕೆ ಒಂದು ದಿನ ಬೇಕು. 1983ರ ನವೆಂಬರ್ 5ರಂದು ಉತ್ತರ ಸಮುದ್ರದ 'ಬೈಫರ್ಡ್ ಡಾಲ್ಫಿನ್' ತೈಲ ವೇದಿಕೆಯಲ್ಲಿ ಕೋಣೆಯ ಜೋಡಣೆ ಅಕಾಲದಲ್ಲಿ ಕಳಚಿ, ದಿನಗಟ್ಟಲೆ ತೆಗೆದುಕೊಳ್ಳಬೇಕಾದ ಇಳಿತ ಕ್ಷಣಾರ್ಧದಲ್ಲಿ ಆಗಿಹೋಯಿತು. ಐವರು ಸತ್ತರು.

ಆ ಉಕ್ಕಿನ ಕೋಣೆಯಲ್ಲಿ ಅವರ ವಾಚುಗಳೂ ಇರುತ್ತಿದ್ದವು. ಹೀಲಿಯಂ ಕಣಗಳು ಎಷ್ಟು ಸಣ್ಣವೆಂದರೆ ನೀರು ಹೋಗದ ವಾಚಿನೊಳಕ್ಕೂ ನುಸುಳುತ್ತವೆ. ಒತ್ತಡ ಇಳಿಸುವಾಗ ಅವು ಹೊರಬರಲಾಗದೆ ಗಾಜನ್ನೇ ಹಾರಿಸುತ್ತಿದ್ದವು. ಅದಕ್ಕೆ ಪರಿಹಾರವಾಗಿ 1960ರ ದಶಕದ ಕೊನೆಯಲ್ಲಿ ವಾಚಿನ ಪಕ್ಕದಲ್ಲಿ ಅನಿಲ ಹೊರಹೋಗುವ ಪುಟ್ಟ ಕವಾಟ ಬಂತು. ಫ್ರಾನ್ಸಿನ ಮಾರ್ಸೆಯ ನಗರದಲ್ಲಿ ಆನ್ರಿ ದಲೋಜ್ ಸ್ಥಾಪಿಸಿದ ಕೋಮೆಕ್ಸ್ ಎಂಬ ಕಂಪೆನಿಯ ಡೈವರ್‌ಗಳಿಗೆ ರೋಲೆಕ್ಸ್ ಇಂಥ ವಾಚುಗಳನ್ನು ಒದಗಿಸಿತು. ಇದೇ ಕೋಮೆಕ್ಸ್ ಡೈವರ್‌ಗಳು 1988ರಲ್ಲಿ ಸಮುದ್ರದಲ್ಲಿ 534 ಮೀಟರ್ ಆಳಕ್ಕೆ ಹೋದರು. 1992ರ ಪ್ರಯೋಗದಲ್ಲಿ ಒಬ್ಬರು 701 ಮೀಟರ್ ಆಳಕ್ಕೆ ಸಮನಾದ ಒತ್ತಡವನ್ನು ತಡೆದುಕೊಂಡರು. ಕೋಮೆಕ್ಸ್ ಹೆಸರು ಅಚ್ಚಾದ ಆ ವಾಚುಗಳು ಇಂದು ಹರಾಜಿನಲ್ಲಿ ಸಾಮಾನ್ಯ ರೋಲೆಕ್ಸ್‌ಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಹೋಗುತ್ತವೆ. ಅವುಗಳ ಮೇಲಿನ ಗೀರು ಕೂಡ ಈಗ ಬೆಲೆ ಹೆಚ್ಚಿಸುವ ಗುಣ.

ಅಂದರೆ ವಾಚಿನೊಳಗೆ ಸಿಕ್ಕಿಕೊಂಡ ಅನಿಲ ಸುರಕ್ಷಿತವಾಗಿ ಹೊರಬರುವ ದಾರಿಯನ್ನು ಕಂಪೆನಿಗಳು ಕಂಡುಹಿಡಿದವು. ಮನುಷ್ಯರ ಮೈಯಿಂದ ಅದೇ ಅನಿಲ ಹೊರಬರುವ ವಿಷಯದಲ್ಲಿ ಏನಾಯಿತು? ಇದು ಬೇರೆ ದೇಶದ, ಬೇರೆ ಕಂಪೆನಿಗಳ ಕತೆ; ಆದರೆ ಅದೇ ಕಾಲದ್ದು, ಅದೇ ವೃತ್ತಿಯದ್ದು. ನಾರ್ವೆಯ ಸಮುದ್ರದಲ್ಲಿ ತೈಲ ಉದ್ಯಮದ ಆರಂಭದ ದಶಕಗಳಲ್ಲಿ ದುಡಿದ ಅನೇಕ ಡೈವರ್‌ಗಳು ನಡುವಯಸ್ಸಿಗೆ ಬರುವಾಗ ನರಗಳ ದೌರ್ಬಲ್ಯ, ಉಸಿರಾಟದ ತೊಂದರೆ, ಮಾನಸಿಕ ಕಾಯಿಲೆಗಳಿಂದ ಕುಸಿದರು. ಅವರಲ್ಲಿ ಕೆಲವರು ಸರಕಾರದ ವಿರುದ್ಧ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2013ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಎಷ್ಟು ಆಳಕ್ಕೆ ಎಷ್ಟು ಹೊತ್ತಿನಲ್ಲಿ ಮೇಲೆ ತರಬೇಕೆಂಬ ಕೋಷ್ಟಕಗಳನ್ನು ಕಂಪೆನಿಗಳು ವ್ಯಾಪಾರದ ಗುಟ್ಟಿನಂತೆ ಇಟ್ಟುಕೊಳ್ಳಲು ಬಿಡಲಾಗಿತ್ತು. ಬೇಗ ಮೇಲೆ ತಂದಷ್ಟೂ ಕಂಪೆನಿಗೆ ಲಾಭ. ಅದರಿಂದ ಬರಬಹುದಾದ ಅಪಾಯವನ್ನು ಅಳೆದು ನಿರ್ಧರಿಸಲು ಬೇಕಾದ ಮಾಹಿತಿ ಡೈವರ್‌ಗಳಿಗೆ ಸಿಗುವಂತೆ ಸರಕಾರ ನೋಡಿಕೊಳ್ಳಲಿಲ್ಲ. ಇದು ಅವರ ಹಕ್ಕಿನ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು.

ಇದನ್ನು ಓದಿದ ಮೇಲೆ ನಮ್ಮ ಮೊದಲಿನ ಪ್ರಶ್ನೆ ಬೇರೆಯೇ ರೂಪ ತಾಳುತ್ತದೆ. ಜಗತ್ತಿನ ಅತ್ಯುತ್ತಮ ವಾಚನ್ನು ಡೈವರ್ ಕೈಗೆ ಕಟ್ಟಿದ್ದರೂ, ತನ್ನ ದೇಹಕ್ಕೆ ಎಷ್ಟು ಸಮಯ ಸಲ್ಲಬೇಕು ಎಂಬ ಲೆಕ್ಕ ಇನ್ನೊಬ್ಬರ ಬೀರುವಿನಲ್ಲಿದ್ದರೆ ಆ ವಾಚಿನಿಂದ ಏನು ಪ್ರಯೋಜನ? ನ್ಯೂಜೆರ್ಸಿಯ ಹುಡುಗಿಯರಿಗೆ ಬಣ್ಣದ ಗುಣ ತಿಳಿಸಲಿಲ್ಲ. ಉತ್ತರ ಸಮುದ್ರದ ಡೈವರ್‌ಗಳಿಗೆ ಕೋಷ್ಟಕದ ಒಳಗುಟ್ಟು ತಿಳಿಸಲಿಲ್ಲ. ಎರಡೂ ಕಡೆ ಅಪಾಯ ಕೆಲಸಗಾರರದು, ಅರಿವು ಮಾಲೀಕರದು. ಅಪಾಯದ ಕೆಲಸ ಮಾಡುವವನಿಗೆ ಸಮಾಜ ಮೊದಲು ಕೊಡಬೇಕಾದದ್ದು ಅರಿವು ಮತ್ತು ಸಮಯ. ಸರಿಯಾದ ಸಮಯ ತೋರಿಸುವ ವಾಚಿಗಿಂತ ಸರಿಯಾದ ಸಮಯವೇ ದೊಡ್ಡದು.

ಇದಕ್ಕೆ ಒಂದು ಸರಳ ಉದಾಹರಣೆ ಗಲ್ಫಿನಲ್ಲೇ ಇದೆ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೇಸಿಗೆಯ ಮಧ್ಯಾಹ್ನದ ವಿರಾಮದ ನಿಯಮವಿದೆ. ಈಗ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಎರಡೂವರೆ ಗಂಟೆಗಳನ್ನು ತೋರಿಸಲು ಯಾವ ವಾಚಾದರೂ ಸಾಕು. ಆದರೆ ಆ ಎರಡೂವರೆ ಗಂಟೆ ಸಾರದ ಮೇಲೆ ನಿಂತವನಿಗೆ ನಿಜವಾಗಿ ಸಿಗುತ್ತದೆಯೇ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ಅವನ ಕೈಯ ವಾಚಿನ ಬೆಲೆ ಕೇಳುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಇದಲ್ಲವೇ?

ಇನ್ನು, ಯಾವ ಅಪಾಯವೂ ಇಲ್ಲದ ಕುರ್ಚಿಯಲ್ಲಿ ಕೂತು ಡೈವರ್‌ಗಳ ವಾಚು ಕಟ್ಟುವವರ ಮಾತು. ಇವತ್ತು ಇಂಥ ವಾಚುಗಳು ಹೋಗಿ ಸೇರುವುದು ಹೆಚ್ಚಾಗಿ ಈಜುಕೊಳಕ್ಕಿಂತ ಆಳಕ್ಕೆ ಇಳಿಯದವರ ಕೈಗೇ. ಅವರು ಹಣ ಕೊಡುವುದು ಉಕ್ಕಿಗೆ ಮಾತ್ರವಲ್ಲ. ಯಾರೋ ಪಟ್ಟ ಅಪಾಯದ ಪರಿಮಳಕ್ಕೆ. ಅದು ಪಾಪವೆಂದು ನಾನು ಹೇಳಲಾರೆ. ಆದರೆ ಸಾಹಸದ ಕತೆಯನ್ನು ಕೊಂಡವರಿಗೆ ಆ ಕತೆಯ ಮನುಷ್ಯರ ಬಗ್ಗೆ ಒಂದು ಋಣವಿರುತ್ತದೆ. ಆ ಕೆಲಸ ಮಾಡಿದವನ ನರಗಳು ಸೋತದ್ದನ್ನು ತಿಳಿಯದೆ, ತಿಳಿಯಲು ಬಯಸದೆ, ಅವನ ವಾಚಿನ ಗೀರನ್ನು ಮಾತ್ರ ಮೆಚ್ಚುವುದು ಹೃದಯ ಬರಡಾದುದರ ಲಕ್ಷಣ.

ಆದ್ದರಿಂದ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ದೇಹಕ್ಕೆ ಕೇಡಾಗುವ ಕಡೆ ಬಿಚ್ಚಿಡಲಿ. ಮನೆಯ ಹಕ್ಕನ್ನು ಕಸಿದು ಕೊಳ್ಳದಿರಲಿ. ಗೀರು ಬಿದ್ದರೆ ಅಳದಿರಲಿ. ಇಷ್ಟನ್ನು ಪಾಲಿಸಿದ ಮೇಲೆ, ಬೆವರಿನ ಕೈಗೆ ಒಳ್ಳೆಯ ವಾಚು ಒಪ್ಪುವುದಿಲ್ಲ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಒಪ್ಪುವುದಾದರೆ ಮೊದಲು ಆ ಕೈಗೇ ಒಪ್ಪಬೇಕು. ಅದು ನಮ್ಮ ಕಣ್ಣಿಗೆ ಚುಚ್ಚಿದರೆ ದೋಷ ವಾಚಿನಲ್ಲಿಲ್ಲ. ದುಡಿಯುವವನ ಕೈಯಲ್ಲಿ ಬೆಲೆಬಾಳುವ ವಸ್ತುವನ್ನು ಕಂಡು ಬೆಚ್ಚುವ ನಾವು, ಆ ಕೈಯೇ ಬೆಲೆಬಾಳುವುದೆಂದು ಎಷ್ಟು ಸಲ ನೆನೆದಿದ್ದೇವೆ?